ನಮ್ಮ ಬದಲು ಕಾಯುವ ಪೆಟ್ಟಿಗೆ

ಜ್ಞಾನಮ್ಮ ಹಿತ್ತಿಲ ಕಲ್ಲಿನ ಮೇಲೆ ಕುಳಿತು ಬಾಟಲಿ ತೊಳೆಯುತ್ತಿದ್ದಳು. ಒಳಗೆ ಒಂದು ಹಿಡಿ ಮರಳು, ಅರ್ಧದಷ್ಟು ಬಿಸಿನೀರು. ಬಾಯಿಗೆ ಅಂಗೈ ಒತ್ತಿ ಗಲಗಲ ಕುಲುಕಿದರೆ ಹೋದ ವರ್ಷದ ಗಸಿಯೆಲ್ಲ ಕಿತ್ತು ಬರಬೇಕು.

"ಏ ಜ್ಞಾನಾ! ಬಾಟ್ಲಿ ಬಿಟ್ಟು ಓಡಿ ಬಾರೇ! ಇತಿಹಾಸ ಆಗ್ತಾ ಇದೆ ಇಲ್ಲಿ!"

ಆ ಮನೆಯಲ್ಲಿ ಇತಿಹಾಸ ಆಗಾಗ ಆಗುತ್ತಲೇ ಇತ್ತು. ಹೋದ ಸಲ ಆದಾಗ ಚಪಾತಿ ಲಟ್ಟಿಸುವ ಯಂತ್ರ ಬೆಕ್ಕಿನ ಬಾಲವನ್ನೂ ಲಟ್ಟಿಸಲು ಹೊರಟಿತ್ತು. ಹಾಗಾಗಿ ಜ್ಞಾನಮ್ಮ ಕೈಯಲ್ಲಿದ್ದ ಬಾಟಲಿಯನ್ನು ನಿಧಾನವಾಗಿ ತೊಳೆದು, ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡೇ ಒಳಗೆ ಹೋದಳು.

ನಡುಮನೆಯಲ್ಲಿ ಗಂಡ ಚೌರಪ್ಪ ಮದುಮಗನ ಹಾಗೆ ನಿಂತಿದ್ದ. ಭದ್ರಾವತಿಯಲ್ಲಿ ಫಿಟ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಊರಿನ ಗುಜರಿ ಅಂಗಡಿಗಳಿಗೆಲ್ಲ ಅವನೇ ಅಳಿಯ. ಪಕ್ಕದಲ್ಲೊಂದು ತುಕ್ಕು ಹಿಡಿದ ಫ್ರಿಜ್ಜು. ಅದರ ನೆತ್ತಿಗೆ ಸ್ಕೂಟರ್ ಬ್ಯಾಟರಿ, ಹೊಟ್ಟೆಗೆ ಫ್ಯಾನಿನ ರೆಗ್ಯುಲೇಟರ್, ಬಾಗಿಲಿಗೆ ಒಂದು ಗಡಿಯಾರದ ಹಲ್ಲುಚಕ್ರಗಳು.

"ಅಯ್ಯೋ, ಅದು ನಮ್ಮ ಮದ್ವೆ ಗಡಿಯಾರ ಅಲ್ವೇನ್ರೀ!"

"ನಿಂತೇ ಹೋಗಿತ್ತಲ್ಲೇ! ಈಗ ನೋಡು ಹೆಂಗೆ ಓಡುತ್ತೆ! ಮನುಷ್ಯ ಅರ್ಧ ಆಯುಸ್ಸು ಕಾಯೋದ್ರಲ್ಲೇ ಕಳೀತಾನೆ. ಹಿಟ್ಟು ಹುಳಿ ಬರಕ್ಕೆ ಕಾಯ್ಬೇಕು, ಕಾಯಿ ಹಣ್ಣಾಗಕ್ಕೆ ಕಾಯ್ಬೇಕು. ಇನ್ಮೇಲೆ ಬೇಡ! ಒಳಗಿಟ್ಟು ಬಾಗ್ಲು ಹಾಕು. ನಮ್ಮ ಬದ್ಲು ಈ ಪೆಟ್ಟಿಗೆ ಕಾಯುತ್ತೆ!"

ಹಸಿರು ಬಾಳೆಕಾಯಿಯ ಚಿಪ್ಪೊಂದನ್ನು ಒಳಗಿಟ್ಟು ಗುಂಡಿ ಒತ್ತಿದ. ಜ್ಞಾನಮ್ಮ ತಂದ ಕಾಫಿ ಇನ್ನೂ ಆರಿರಲಿಲ್ಲ, ಬಾಗಿಲು ತೆರೆದರೆ ಹಳದಿ ಹಣ್ಣು ಘಮ್ಮೆನ್ನುತ್ತಿತ್ತು!

ಜ್ಞಾನಮ್ಮ ಒಂದು ಹಣ್ಣು ಸುಲಿದು ತಿಂದಳು. ನಿಜಕ್ಕೂ ಹಣ್ಣೇ.

"ಹಂಗಾದ್ರೆ ಆ ಕಾಗದಾನೂ ಒಳಗಿಡ್ರಿ. ಅದೂ ಪಾಪ, ಕಾದೂ ಕಾದೂ ಕಾಯಾಗೇ ಉಳ್ಕೊಂಡಿದೆ."

ಚೌರಪ್ಪನ ಮುಖ ಸಣ್ಣಗಾಯಿತು.

ಆ ಕಾಗದ ಯೇಸುವಿನ ಪಟದ ಹಿಂದೆ ಇತ್ತು. ಕೋಲಾರದಲ್ಲಿದ್ದ ತಮ್ಮ ಇನ್ನಾಸಪ್ಪನನ್ನು ಕ್ರಿಸ್‌ಮಸ್ಸಿಗೆ ಕರೆಯುವ ಕಾಗದ. ಬರೆದವಳು ಜ್ಞಾನಮ್ಮ, ಸಹಿ ಹಾಕಬೇಕಾದವನು ಚೌರಪ್ಪ. ತಾಯಿ ತೀರಿಕೊಂಡ ಮೇಲಿನ ಮೊದಲ ಹಬ್ಬದಲ್ಲಿ ಅಣ್ಣ ಮಾಡಿದ ಶುಂಠಿ ಬಿಯರ್ ಕುಡಿದು ತಮ್ಮ, "ಇದು ಅಮ್ಮನ ಬಿಯರಲ್ಲ, ನೆಗಡಿ ಕಷಾಯ," ಎಂದಿದ್ದ. ಅಣ್ಣ ಲೋಟ ಕಿತ್ತುಕೊಂಡಿದ್ದ. ತಮ್ಮ ಹೆಂಡತಿ ಮಕ್ಕಳೊಡನೆ ಊಟ ಬಿಟ್ಟು ಎದ್ದು ಹೋಗಿದ್ದ. "ಫೋನಲ್ಲಿ ಕರೆದ್ರೆ ಬರಲ್ಲ, ಬರೆದು ಕರೀಲಿ," ಎಂದು ಅವನ ಹಟ. "ಅಮ್ಮನ ರುಚಿ ಬಂದ ದಿನವೇ ಸಹಿ," ಎಂದು ಇವನ ಹಟ. ಮಕ್ಕಳಿಲ್ಲದ ಜ್ಞಾನಮ್ಮನಿಗೆ ಇನ್ನಾಸಪ್ಪನ ಮಕ್ಕಳೇ ಮಕ್ಕಳು. ಅವು ಎಷ್ಟೆತ್ತರ ಬೆಳೆದಿವೆಯೋ ಎಂದು ಅವಳು ಬಾಗಿಲ ಚೌಕಟ್ಟನ್ನು ನೋಡಿ ಅಂದಾಜು ಮಾಡುತ್ತಿದ್ದಳು.

"ಈ ವರ್ಷ ರುಚಿ ಬಂದೇ ಬರುತ್ತೆ ಕಣೇ," ಎಂದ ಚೌರಪ್ಪ. "ಬಾಟ್ಲೀಲಿ ಹದಿನೈದು ದಿನ ಕೂರ್ಬೇಕಾದ್ದನ್ನ ಈ ಪೆಟ್ಟಿಗೆ ಗಳಿಗೇಲಿ ಕೂರಿಸುತ್ತೆ. ಸರಿಹೋಗ್ಲಿಲ್ವಾ, ಸಾಯಂಕಾಲ ಇನ್ನೊಂದ್ಸಲ!"

ಭರಣಿಯಲ್ಲಿ ಶುಂಠಿಯ ರಸ ಆಗಲೇ ಹುದುಗಿ ತಣ್ಣಗಾಗಿತ್ತು. ಅದನ್ನು ಬಾಟಲಿಗಳಿಗೆ ಸುರಿದ. ಇನ್ನು ಮುಖ್ಯವಾದ ಕೆಲಸ. ಒಂದೊಂದು ಬಾಟಲಿಗೂ ಚಿನಿವಾರನ ತಕ್ಕಡಿಯಲ್ಲಿ ತೂಗಿದ ಚಿಟಿಕೆ ಸಕ್ಕರೆ. ಮುಚ್ಚಳ ಬಿಗಿದ ಮೇಲೆ ಒಳಗುಳಿದ ಹುದುಗು ಆ ಸಕ್ಕರೆಯನ್ನು ತಿಂದು ಗ್ಯಾಸು ಬಿಡಬೇಕು. ಹೊರಗೆ ದಾರಿ ಕಾಣದ ಗ್ಯಾಸು ಬಿಯರಿನಲ್ಲೇ ಕರಗಿ, ತೆರೆದಾಗ ಚುಸ್ ಎನ್ನಬೇಕು.

"ಒಂದು ಕಾಳು ಕಮ್ಮಿ ಆದ್ರೆ ಸಪ್ಪೆ, ಒಂದು ಕಾಳು ಜಾಸ್ತಿ ಆದ್ರೆ ಬಾಂಬು!" ಎಂದು ಹೇಳಿ ಚೌರಪ್ಪ ಬ್ಯಾಟರಿಗೆ ಆಸಿಡ್ ತರಲು ಹೋದ.

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮ ಬಂದಳು. ಅವಳ ಹಿಂದೆ ಟೈಲರ್ ಖಲಂದರ್ ಸಾಬರು, "ರವಿಕೆ ನಾಳೆ ಗ್ಯಾರಂಟಿ ಕಣಮ್ಮಾ," ಎಂದು ಹೇಳಲು ಬಂದರು. ಸೆಪ್ಟೆಂಬರಿನ ಮರಿಯಮ್ಮನ ಹಬ್ಬಕ್ಕೆಂದು ಜ್ಞಾನಮ್ಮ ಹೊಲಿಯಲು ಕೊಟ್ಟ ರವಿಕೆ ಅದು. ಅಂದಿನಿಂದ ಅವರ ನಾಳೆ ಬಂದೇ ಇರಲಿಲ್ಲ.

"ಬನ್ನಿ ಬನ್ನಿ, ಕೈ ಸಕ್ಕರೆ ಹಾಕಿ," ಎಂದಳು ಜ್ಞಾನಮ್ಮ.

ಅದು ಅತ್ತೆಯ ಕಾಲದ ಪದ್ಧತಿ. ಬಿಯರ್ ಇಟ್ಟ ದಿನ ಹೊಸ್ತಿಲು ತುಳಿದವರೆಲ್ಲ ಅದಕ್ಕೊಂದು ಚಿಟಿಕೆ ಸಕ್ಕರೆ ಹಾಕಿ, ಮನಸ್ಸಿನಲ್ಲಿ ಒಂದು ಒಳ್ಳೆಯದನ್ನು ಬಯಸಬೇಕು. ಅತ್ತೆ ಹಾಕಿಸುತ್ತಿದ್ದುದು ಭರಣಿಗೆ, ಶುರುವಿನಲ್ಲೇ. ಈ ಸಲ ಭರಣಿ ಖಾಲಿ. ಜ್ಞಾನಮ್ಮ ಬಾಟಲಿಗಳನ್ನೇ ಮುಂದಿಟ್ಟಳು. ಪುಟ್ಟತಾಯಮ್ಮ ಚಿಟಿಕೆ ಎಂದರೆ ಹಿಡಿ ಎಂದುಕೊಂಡವಳು. ಸಾಬರು ಯಾರಿಗೂ ಕಮ್ಮಿಯಾಗಬಾರದೆಂದು ಒಂದೊಂದಕ್ಕೂ ಎರಡೆರಡು ಸಲ ಹಾಕಿದರು. ಜ್ಞಾನಮ್ಮನೂ ಹಾಕಿ, ಕಾಗದವನ್ನು ನೆನೆದು, ಮುಚ್ಚಳ ಬಿಗಿದಳು.

ಚೌರಪ್ಪ ಬಂದವನೇ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಿ, ಗುಂಡಿ ಒತ್ತಿ ಹೊರಗೆ ಬಂದ. ಚಕ್ರಗಳು ಕರಕರ ಎಂದವು. ಎಲ್ಲರೂ ಜಗುಲಿಯಲ್ಲಿ ಕುಳಿತರು.

"ಕೈ ಸಕ್ಕರೆ ಚೆನ್ನಾಗಿ ಬಿದ್ದಿದೆ," ಎಂದಳು ಪುಟ್ಟತಾಯಮ್ಮ.

ಚೌರಪ್ಪ ಮೆಲ್ಲನೆ ತಿರುಗಿದ. "ಎಲ್ಲಿಗೆ ಬಿದ್ದಿದೆ?"

ಢಮ್!

ಪೆಟ್ಟಿಗೆ ನಿಂತಲ್ಲೇ ಒಂದು ಗೇಣು ಹಾರಿತು. ಢಮ್! ಢಮಾರ್! ಗಾಜೆಲ್ಲ ಒಳಗೇ ಉಳಿಯಿತು, ಪುಣ್ಯ! ಆದರೆ ಬಾಗಿಲ ಸಂದಿಯಿಂದ ಬೆಳ್ಳಗೆ ನೊರೆ ಉಕ್ಕತೊಡಗಿತು. ನಡುಮನೆ ತುಂಬಿತು, ಹೊಸ್ತಿಲು ದಾಟಿತು, ಜಗುಲಿ ಇಳಿದು ಬೀದಿಗೇ ಹೊರಟಿತು!

"ಆಫ್ ಮಾಡ್ರೀ!"

"ಸ್ವಿಚ್ಚು ನೊರೆ ಒಳಗೆ ಮುಳುಗಿದೆ ಕಣೇ!"

ಆಮೇಲಿನದು ಇನ್ನೂ ವಿಚಿತ್ರ. ಆ ನೊರೆ ಪೆಟ್ಟಿಗೆಯ ಅವಸರವನ್ನೂ ಹೊತ್ತು ತಂದಿತ್ತು! ಸೀಬೆ ಗಿಡದ ಬುಡಕ್ಕೆ ತಾಗಿದ್ದೇ ತಡ, ಹೀಚೆಲ್ಲ ಹಣ್ಣಾಗಿ ತಪತಪ ಉದುರಿತು. ಪಕ್ಕದ ಮನೆಗೆ ನುಗ್ಗಿದ್ದೇ ತಡ, ಪುಟ್ಟತಾಯಮ್ಮನ ದೋಸೆ ಹಿಟ್ಟಿನ ಪಾತ್ರೆ ಮುಚ್ಚಳವನ್ನು ತಲೆಯ ಮೇಲೆ ಹೊತ್ತು ಎದ್ದಿತು. ಸಾಬರ ಪಾದಕ್ಕೆ ನೊರೆ ಮುಟ್ಟಿತು. ಅವರು ಬೆಚ್ಚಿ, "ಯಾ ಅಲ್ಲಾ, ರವಿಕೆ!" ಎಂದು ಅಂಗಡಿಗೆ ಓಡಿದರು. ನೊರೆ ಬೀದಿಯ ತಿರುವು ಮುಟ್ಟುವಷ್ಟರಲ್ಲಿ ರವಿಕೆ ಬಂತು! ಕೊಕ್ಕೆ, ಕಾಜ ಎಲ್ಲ ಹಾಕಿ! ಹೆಚ್ಚಾದ ಬಟ್ಟೆಯನ್ನೂ ವಾಪಸು ಕೊಟ್ಟರು. ಭದ್ರಾವತಿಯಲ್ಲಿ ಯಾರೂ ನಂಬಲಾರದ್ದು ಇದೊಂದೇ.

ಸ್ವಿಚ್ಚಿಗಾಗಿ ತಡಕಾಡುತ್ತಿದ್ದ ಚೌರಪ್ಪ ಜಾರಿ ನೊರೆಯಲ್ಲಿ ಮುಳುಗಿ ಎದ್ದ. ಮೀಸೆಯ ಮೇಲಿನ ನೊರೆಯನ್ನು ನಾಲಿಗೆಯಿಂದ ಸವರಿಕೊಂಡ. ಸ್ವಿಚ್ಚು ಬಿಟ್ಟು, ನೊರೆ ಮೆತ್ತಿದ ಬೆರಳನ್ನೂ ಬಾಯಿಗಿಟ್ಟ.

"ಏನ್ರೀ? ಗಾಜು ಚುಚ್ಚಿತಾ?"

"ಜ್ಞಾನಾ... ಅಮ್ಮಂದೇ ಕಣೇ. ಅಮ್ಮನ ಕೈ ರುಚಿ."

"ಇಷ್ಟು ವರ್ಷ ನೀವೊಬ್ರೇ ತೂಗಿ ತೂಗಿ ಹಾಕ್ತಿದ್ರಿ. ಒಬ್ಬರ ಕೈಯಲ್ಲಿ ಆ ರುಚಿ ಎಲ್ಲಿ ಬರುತ್ತೆ?"

"ಪೆನ್ನೆಲ್ಲಿ?" ಎಂದು ಚೀರಿದ ಚೌರಪ್ಪ. ಪಟದ ಹಿಂದಿನಿಂದ ಕಾಗದ ಎಳೆದು, ಸಹಿ ಹಾಕಿ, "ಬಾರೋ ಇನ್ನಾಸಿ, ನೀನಿಲ್ಲದೆ ಹಬ್ಬ ಸಪ್ಪೆ," ಎಂದು ಅಡಿಯಲ್ಲಿ ಗೀಚಿ, ಒದ್ದೆ ಲುಂಗಿಯಲ್ಲೇ ಬೀದಿಗೆ ಹಾರಿದ!

ಜ್ಞಾನಮ್ಮ ಗಂಡನನ್ನು ಬಲ್ಲವಳು. ಒಂದು ಚೊಂಬಿನ ತುಂಬ ನೊರೆ ಮೊಗೆದುಕೊಂಡೇ ಹಿಂದೆ ನಡೆದಳು.

ಅವಳಂದುಕೊಂಡಂತೆಯೇ ಆಯಿತು. ಟಪಾಲು ಡಬ್ಬಿಯ ಹತ್ತಿರ ಬರುವಷ್ಟರಲ್ಲಿ ಬಿಸಿಲಿಗೆ ಚೌರಪ್ಪನ ಮೈ ಒಣಗಿತ್ತು, ನೊರೆ ತಂದ ಅವಸರವೂ ಆರಿತ್ತು. ಕಾಗದದ ಅರ್ಧ ಡಬ್ಬಿಯ ಬಾಯೊಳಗೆ, ಇನ್ನರ್ಧ ಅವನ ಬೆರಳಿನಲ್ಲಿ.

"ಜ್ಞಾನಾ, ಅಕ್ಷರ ಸೊಟ್ಟ ಆಗಿದೆ. ನಾಳೆ ಇನ್ನೊಂದ್ಸಲ ಚೆನ್ನಾಗಿ ಬರೆದು..."

ಜ್ಞಾನಮ್ಮ ಚೊಂಬನ್ನು ಅವನ ತಲೆಯ ಮೇಲಕ್ಕೆ ಎತ್ತಿದಳು.

ಚೌರಪ್ಪ ಚೊಂಬು ನೋಡಿದ, ಹೆಂಡತಿಯ ಮುಖ ನೋಡಿದ. ಬೆರಳು ಬಿಟ್ಟ. ಡಬ್ಬಿಯ ತಳದಲ್ಲಿ ಕಾಗದ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು.

ಜ್ಞಾನಮ್ಮ ಚೊಂಬು ಇಳಿಸಿ ಒಳಗೆ ಇಣುಕಿದಳು. ನೊರೆಯೆಲ್ಲ ದಾರಿಯಲ್ಲೇ ಇಳಿದು ಹೋಗಿತ್ತು. ತಳದಲ್ಲಿ ಬರೀ ಒಂದು ಗುಟುಕು ಶುಂಠಿ ನೀರು.

"ಇದಕ್ಕೆ ಆ ಗಡಿಯಾರ ಬಿಚ್ಚೋದೇ ಬೇಕಿರ್ಲಿಲ್ಲ," ಎಂದಳು. "ಚೊಂಬು ಮನೇಲೇ ಇತ್ತು."