ಮೂರನೇ ಮೇಜಿನ ಡ್ರಾಯರಿನಲ್ಲಿ ಪತ್ತೆಯಾದ ಹನ್ನೊಂದು ತುಂಡು ಬಾನಿತ್ಸಾದ ಕುರಿತು

ಸಂಖ್ಯೆ: ಉಪಚಾರ/ಗುಡ್ಡ/39
ದಿನಾಂಕ: ಮೇ 8

ಸುತ್ತೋಲೆ

ವಿಷಯ: ನಲವತ್ತು ತುಂಬುವುದರೊಳಗೆ ಮೈ ಹಗುರ ಮಾಡಿಕೊಳ್ಳಲು ಹೊರಟ ನೌಕರರು ಸಹೋದ್ಯೋಗಿಗಳು ಕೊಟ್ಟ ತಿನಿಸನ್ನು ಬಚ್ಚಿಡುತ್ತಿರುವ ಬಗ್ಗೆ.

ಉಲ್ಲೇಖ: 1. ಇರುವೆಗಳ ಸಾಲು, ಎರಡನೇ ಮಹಡಿ.
2. ಶ್ರೀಮತಿ ಸ್ತೋಯಾಂಕಾ ವಲ್ಚೆವಾ ಅವರ ಮೌನ, ಮೂರು ದಿನ.

ಪ್ರಸ್ತಾವನೆ:

ನೋಂದಣಿ ಶಾಖೆಯಲ್ಲಿ ಹುಟ್ಟುಹಬ್ಬ, ಹೆಸರಿನ ಹಬ್ಬ (ತಮ್ಮ ಹೆಸರಿನ ಸಂತನ ದಿನ), ಹೊಸ ಕಾರು, ಮೊಮ್ಮಗುವಿನ ಮೊದಲ ಹಲ್ಲು ಮುಂತಾದ ಯಾವುದೇ ಕಾರಣಕ್ಕೆ ಒಬ್ಬರು ತಿನಿಸು ತಂದರೆ ಉಳಿದವರು ತಿನ್ನತಕ್ಕದ್ದು. ಒಲ್ಲೆ ಎಂದರೆ ತಂದವರಿಗೆ ಕೇಡು ಬಯಸಿದಂತೆ. ಶಾಖೆಯಲ್ಲಿ ಗ್ಯೋರ್ಗಿ ಎಂಬ ಹೆಸರಿನವರೇ ನಾಲ್ವರಿದ್ದು, ಹಬ್ಬಗಳು ಕೆಲಸದ ದಿನಗಳನ್ನು ಮೀರುವ ಹಂತ ತಲುಪಿವೆ ಎಂಬುದನ್ನು ಗಮನಿಸಲಾಗಿದೆ.

ಮೂರನೇ ಮೇಜಿನ ಶ್ರೀ ಲ್ಯುಬೆನ್ ಕರಾಜೊವ್ (ವಯಸ್ಸು 39) ಅವರು ಕಳೆದ ವರ್ಷ ಸಂತ ಗ್ಯೋರ್ಗಿಯ ಹಬ್ಬದಂದು ಮಗಳು ರಾದಾಳೊಂದಿಗೆ ಗುಡ್ಡದ ಮೇಲಿನ ಚರ್ಚಿಗೆ ಹೊರಟು, ಮೂರನೇ ತಿರುವಿನಲ್ಲಿ ಏದುಸಿರು ಬಿಡುತ್ತ ನಿಂತುಬಿಟ್ಟರು. ಯಾಕೆಂದು ಮಗಳು ಕೇಳಿದ್ದಕ್ಕೆ "ಊರು ನೋಡ್ತಾ ಇದೀನಿ ಪುಟ್ಟಿ" ಎಂದರು. ಅಲ್ಲಿಂದ ಕಾಣುವುದು ಒಂದು ಗೋಡೆ ಮಾತ್ರ. ಹುಡುಗಿ ಗೋಡೆಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ, ಪಕ್ಕದ ಮನೆಯವರ ಕೈ ಹಿಡಿದು ಮೇಲೆ ಹೋದಳು. ಅಂದು ಸದರಿಯವರಿಗೆ ಆದ ನಾಚಿಕೆಯನ್ನು ಭರ್ತಿ ಮಾಡಲು ಸೂಕ್ತ ನಮೂನೆ ಇಲಾಖೆಯಲ್ಲಿ ಲಭ್ಯವಿರುವುದಿಲ್ಲ.

ಮುಂದಿನ ಹಬ್ಬಕ್ಕೆ ಮಗಳ ಜೊತೆ ತುದಿ ಮುಟ್ಟಿಯೇ ತೀರುವುದೆಂದು ಅವರು ಮನಸ್ಸಿನಲ್ಲೇ ಹಟ ತೊಟ್ಟರು. ಲಿಫ್ಟ್ ಬಿಟ್ಟರು, ಊಟದ ಬಿಡುವಿನಲ್ಲಿ ನಡೆದರು, ಸಿಗರೇಟು ಬಿಟ್ಟರು. ಬಿಡಲಾಗದ್ದು ಒಂದೇ: ಸಹೋದ್ಯೋಗಿ ಶ್ರೀಮತಿ ವಲ್ಚೆವಾ ಅವರ ಬಾನಿತ್ಸಾ. ತೆಳು ಹಿಟ್ಟಿನ ಪದರ ಪದರಕ್ಕೂ ಬೆಣ್ಣೆ, ನಡುವೆ ಚೀಸ್. ಬೇಡವೆನ್ನುವ ಧೈರ್ಯ ಶಾಖೆಯಲ್ಲಿ ಯಾರಿಗೂ ಇಲ್ಲದ್ದರಿಂದ, ತಿಂದಂತೆ ನಟಿಸಿ ಡ್ರಾಯರಿಗೆ ಸೇರಿಸುವ ಕ್ರಮವನ್ನು ಅನುಸರಿಸಲಾಯಿತು. ಏಪ್ರಿಲ್ 22ರಂದು ಇರುವೆಗಳು ವಿಷಯವನ್ನು ಬಯಲಿಗೆ ತಂದವು.

ಆ ಸಂದರ್ಭದ ಹೇಳಿಕೆಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

ಶ್ರೀಮತಿ ವಲ್ಚೆವಾ: "ಹನ್ನೊಂದು ತುಂಡು ಕಣೋ! ಬೆಳಗ್ಗೆ ಬೆಳಗ್ಗೇನೇ ಎದ್ದು ರೆಟ್ಟೆ ಬಿದ್ದುಹೋಗೋ ಹಾಗೆ ಹಿಟ್ಟು ಎಳೆದಿದ್ದು ನಿನ್ನ ಇರುವೆಗಳಿಗಾ?"

ಶ್ರೀ ಕರಾಜೊವ್: "ಅಯ್ಯೋ, ಹಾಗಲ್ಲ ಅಕ್ಕಾ. ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ..."

ಶ್ರೀಮತಿ ವಲ್ಚೆವಾ: "ಈಗ ಆಗಿರೋದೇನು ಮತ್ತೆ, ಖುಷೀನಾ?"

ನಂತರ ಉಲ್ಲೇಖ 2ರ ಮೌನ. ನಾಲ್ಕನೇ ದಿನ ಶ್ರೀ ಕರಾಜೊವ್ ಗುಡ್ಡದ ಸಂಗತಿಯನ್ನು ಬಾಯಿಬಿಟ್ಟು ಹೇಳಿದರು. ಸದರಿ ಮಹಿಳೆ ಕನ್ನಡಕ ತೆಗೆದು ಒರೆಸಿಕೊಂಡು, "ಮೊದಲೇ ಹೇಳೋಕೇನಾಗಿತ್ತು ಕತ್ತೇ? ಹೇಳಿದ್ರೆ ತಿನ್ನಿಸದೆ ಬಿಡ್ತಿರಲಿಲ್ಲ, ಅದು ಬೇರೆ ಮಾತು. ಇನ್ಮೇಲೆ ನನ್ನ ಬಾನಿತ್ಸಾ ಬೇಕಾದೋರು ಗುಡ್ಡ ಹತ್ತಲಿ!" ಎಂದರು. ಇದನ್ನೇ ಆದೇಶವೆಂದು ಭಾವಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ:

1. ಶಾಖೆಯ ಸಕಲ ತಿನಿಸುಗಳನ್ನು ಇನ್ನು ಮುಂದೆ ಗುಡ್ಡದ ತುದಿಯಲ್ಲಿ ಮಾತ್ರ ಹಂಚತಕ್ಕದ್ದು. ಕಾರಿನಲ್ಲಿ ಬಂದವರಿಗೆ ತಟ್ಟೆಯನ್ನು ದೂರದಿಂದ ತೋರಿಸಲಾಗುವುದು.

2. ಲಿಫ್ಟ್ ಕಡತಗಳಿಗಷ್ಟೇ ಮೀಸಲು. ಕಂಕುಳಲ್ಲಿ ಕಡತ ಇಟ್ಟುಕೊಂಡ ಮಾತ್ರಕ್ಕೆ ನೌಕರನು ಕಡತವಾಗುವುದಿಲ್ಲ.

3. ಒಳ್ಳೆಯ ಅಭ್ಯಾಸಗಳನ್ನು "ಸೋಮವಾರದಿಂದ ಶುರು ಮಾಡ್ತೀನಿ" ಎನ್ನುವವರ ಗಮನಕ್ಕೆ: ಮುಂದಿನ ವರ್ಷಾಂತ್ಯದವರೆಗಿನ ಎಲ್ಲ ಸೋಮವಾರಗಳು ಈಗಾಗಲೇ ಭರ್ತಿಯಾಗಿವೆ. ಆದ್ದರಿಂದ ಅರ್ಜಿ ಕೊಟ್ಟ ದಿನವೇ ಶುರು ಮಾಡತಕ್ಕದ್ದು.

4. "ನಮ್ಮಜ್ಜ ದಿನಾ ಬೆಳಗ್ಗೆ ರಕಿಯಾ ಕುಡಿದು ತೊಂಬತ್ತೇಳು ವರ್ಷ ಬದುಕಿದ್ದ" ಎಂದು ಲೋಟ ಎತ್ತುವವರು ಅಜ್ಜನನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು. ದೃಢೀಕೃತ ನಕಲು ಸ್ವೀಕರಿಸಲಾಗುವುದಿಲ್ಲ.

5. ನಲವತ್ತು ದಾಟಿದವರು "ನಮ್ಮದು ಮುಗೀತು ಬಿಡಿ" ಎಂದು ಹೇಳುವುದನ್ನು ನಿವೃತ್ತಿಯವರೆಗೆ ನಿಷೇಧಿಸಲಾಗಿದೆ. ಆಮೇಲೆ ಹೇಳಿಕೊಳ್ಳಬಹುದು, ಇಲಾಖೆ ಕೇಳಿಸಿಕೊಳ್ಳುವುದಿಲ್ಲ.

6. ಇರುವೆಗಳು ಏಳು ದಿನದೊಳಗೆ ಮೂರನೇ ಮೇಜನ್ನು ತೆರವುಗೊಳಿಸತಕ್ಕದ್ದು. ಆಕ್ಷೇಪಣೆ ಇದ್ದಲ್ಲಿ ಸಾಲಾಗಿ ಬಂದು ಸಲ್ಲಿಸಬಹುದು.

ಪಾಲನಾ ವರದಿ:

ಈ ಸುತ್ತೋಲೆ ಹೊರಡುವ ಮೊದಲೇ, ಅಂದರೆ ಮೇ 6ರ ಸಂತ ಗ್ಯೋರ್ಗಿಯ ಹಬ್ಬದಂದೇ ಜಾರಿಗೆ ಬಂದಿದೆ. ಇಲಾಖೆಯಲ್ಲಿ ಹೀಗಾಗಿದ್ದು ಇದೇ ಮೊದಲು. ಶ್ರೀಮತಿ ವಲ್ಚೆವಾ ತಟ್ಟೆ ಹಿಡಿದು ಮುಂದೆ, ಹದಿನಾಲ್ಕು ನೌಕರರು ಹಿಂದೆ. ಶ್ರೀ ಕರಾಜೊವ್ ಮೂರನೇ ತಿರುವನ್ನು ನಿಲ್ಲದೆ ದಾಟಿದರು. ನಾಲ್ಕು, ಐದೂ ದಾಟಿದರು. ಆರನೆಯದರಲ್ಲಿ ಕುಳಿತುಬಿಟ್ಟರು.

"ಸುಸ್ತಾಯ್ತು ಕಣಮ್ಮ," ಎಂದರು. "ನೀನು ಹೋಗಿರು, ಬರ್ತೀನಿ."

"ನಂಗೇನು ಅವಸರ?" ಎಂದು ರಾದಾ ಅಪ್ಪನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಇದಕ್ಕಾಗಿಯೇ ಕಾಯುತ್ತಿದ್ದ ಉಳಿದ ಸಿಬ್ಬಂದಿಯೂ ತಕ್ಷಣ ಕುಳಿತರು. ಆರು ನಿಮಿಷಗಳ ನಂತರ ಅಪ್ಪ ಮಗಳು ಕೈ ಹಿಡಿದು ಎದ್ದರು, ತುದಿ ಮುಟ್ಟಿದರು. ಶ್ರೀ ಕರಾಜೊವ್ ಒಂದೇ ಒಂದು ತುಂಡು ಬಾನಿತ್ಸಾವನ್ನು ಎಲ್ಲರೆದುರು, ಕಣ್ಣಲ್ಲಿ ನೀರು ತುಂಬಿಕೊಂಡು, ನಿಜವಾಗಿ ತಿಂದರು. ಮೆಟ್ಟಿಲ ಮೇಲೆ ಕುಳಿತ ಆರು ನಿಮಿಷಗಳನ್ನು ಕರ್ತವ್ಯದ ಅವಧಿ ಎಂದು ಪರಿಗಣಿಸಲಾಗಿದೆ.

(ಸಹಿ)
ಎಮಿಲಿಯಾನ್ ಬೊಝಿಲೊವ್
ಶಾಖಾಧಿಕಾರಿ
(ಕಾಲು ಬಗ್ಗದ ಕಾರಣ ಮನೆಯಿಂದಲೇ)

ಪ್ರತಿಗಳು:
1. ಲಿಫ್ಟ್ ನಿರ್ವಾಹಕರಿಗೆ, ವಿಶ್ರಾಂತಿಗಾಗಿ.
2. ನಾಲ್ವರು ಗ್ಯೋರ್ಗಿಗಳಿಗೆ, ಒಂದೇ ಪ್ರತಿ, ಹಂಚಿಕೊಳ್ಳಲು.
3. ಶ್ರೀಮತಿ ವಲ್ಚೆವಾ ಅವರಿಗೆ, ಮೌನ ಹಿಂಪಡೆದುದಕ್ಕೆ ಕೃತಜ್ಞತೆಗಳೊಂದಿಗೆ.
4. ಕುಮಾರಿ ರಾದಾ ಕರಾಜೊವಾ, ಎರಡನೇ ತರಗತಿ: "ಅಪ್ಪನ್ನ ಮುಂದಿನ ವರ್ಷನೂ ಕರ್ಕೊಂಡು ಬರ್ಲಾ?" ಎಂದು ಗುಡ್ಡದ ಮೇಲೆ ಮೌಖಿಕವಾಗಿ ಸಲ್ಲಿಸಿದ ಅರ್ಜಿಯನ್ನು ಮಂಜೂರು ಮಾಡಲಾಗಿದೆ. ವರ್ಷಗಳ ಮಿತಿ ಇರುವುದಿಲ್ಲ.