ನಂಬರಿನ ತಗಡು

ಶಾಂತಪ್ಪನ ಬಂದೂಕು ಕುಡಿದಷ್ಟು ಎಣ್ಣೆಯನ್ನು ಅವನ ತಲೆ ಇಡೀ ಜನ್ಮದಲ್ಲಿ ಕಂಡಿರಲಿಲ್ಲ.

ಬಾಲಾನಗರದಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ತನ್ನೂರ ತೊಗರಿ ಹೊಲಕ್ಕೆ ಹಂದಿ ಕಾಟವೆಂದು ಲೈಸೆನ್ಸ್ ಮಾಡಿಸಿ, ನಳಿಕೆಯ ಬಾಯಿಂದ ಮದ್ದು ತುಂಬುವ ಅಗ್ಗದ ಬಂದೂಕೊಂದನ್ನು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ತಂದು, ಕೂಕಟ್‌ಪಲ್ಲಿಯ ಮನೆಯ ಬಾಲ್ಕನಿಯಲ್ಲಿ ಕೂತು ತಾನೇ ಜೋಡಿಸಿದ್ದ. ಮೂರು ವರ್ಷವಾದರೂ ಒಂದು ಗುಂಡು ಹಾರಿಸಿರಲಿಲ್ಲ. ನಳಿಕೆ ಇನ್ನಷ್ಟು ನುಣುಪಾಗಲಿ, ಮರ ಇನ್ನಷ್ಟು ಕೆಂಪೇರಲಿ, ಆಮೇಲೆ ನೋಡೋಣ. ನಳಿಕೆ ಅಲುಗುತ್ತದೆಂದು ಮರಕ್ಕೆ ಅಂಟು ಹಾಕಿ ಕೂರಿಸಿದ. ತಿಂಗಳ ಹಿಂದೆ, ಎಣ್ಣೆ ಚೆನ್ನಾಗಿ ಇಳಿಯಲೆಂದು ಹಿಡಿಕೆಯ ಮೇಲಿನ ನಂಬರಿನ ಹಿತ್ತಾಳೆ ತಗಡನ್ನು ಬಿಚ್ಚಿ ಎಲ್ಲೋ ಇಟ್ಟ.

ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಹೂಬಿಟ್ಟ ತೊಗರಿ ಹೊಲ ಬರುತ್ತಿತ್ತು. ಒಂದೇ ಒಂದು ಸದ್ದು. ಬಿಳಿ ಹೊಗೆ ಮೋಡದಂತೆ ಮೇಲೇಳುವುದು, ಗಿಳಿಗಳ ಹಿಂಡು ಹಾರುವುದು, ಹಂದಿ ತನ್ನ ಪಾಡಿಗೆ ತಾನು ಹೋಗುವುದು. ಅವನಿಗೆ ಅಷ್ಟೇ ಬೇಕಿತ್ತು.

ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಕಡೆಯ ದಿನ ಶಾಂತಪ್ಪ ತನ್ನದನ್ನು ಹೊತ್ತು ಠಾಣೆಗೆ ಹೋದ. ಜಮಾದಾರ ಬಂದೂಕನ್ನು ಹಸುಗೂಸಿನಂತೆ ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿದ.

“ಚೀಜ್ ತೋ ಖೂಬ್‌ಸೂರತ್ ಹೈ, ಚಾಚಾ. ನಂಬರ್ ಕಹಾಂ ಹೈ?”

ನಂಬರಿನ ತಗಡು ಬಿಚ್ಚಿಟ್ಟದ್ದು ಶಾಂತಪ್ಪನಿಗೆ ಆಗ ನೆನಪಾಯಿತು. “ಮನೀ ಮೇ ಹೈ ಸಾಬ್,” ಎಂದ.

“ಪಾಂಚ್ ಬಜೇ ತಕ್ ಲಾವೊ. ನಹೀಂ ತೋ ಬಂದೂಕ್ ಜಪ್ತಿ, ತುಮ್ ಪರ್ ಕೇಸ್.”

ಐದು ಗಂಟೆಯೊಳಗೆ ತಗಡು ತೋರಿಸದಿದ್ದರೆ ಬಂದೂಕೂ ಹೋಗುತ್ತದೆ, ಕೇಸೂ ಬೀಳುತ್ತದೆ. ಬಂದೂಕನ್ನು ಠಾಣೆಯಲ್ಲೇ ಬಿಟ್ಟು ಮನೆಗೆ ಬಂದು ಹುಡುಕಿದ್ದೇ ಹುಡುಕಿದ್ದು. ಎದುರುಮನೆಯ ಗೋದಾವರಿ ಸೆರಗು ಸಿಕ್ಕಿಸಿಕೊಂಡು ಬಂದಳು.

“ನಮ್ಮನಿಯವರ ಹಲ್ಲಿನ ಸೆಟ್ಟೂ ಹಿಂಗ ಕಳದಿತ್ರಿ ಅಣ್ಣಾರ. ಹಿಟ್ಟಿನ ಡಬ್ಬ್ಯಾಗ ಸಿಕ್ತು.”

“ಹಿಟ್ಟಿನ ಡಬ್ಬ್ಯಾಗ ಹ್ಯಾಂಗ ಹೋತವ್ವ?”

“ಅದನ್ನ ನಾವೂ ಕೇಳಿಲ್ರಿ.”

ಜೋಳದ ಹಿಟ್ಟು ಸುರುವಿದರು. ತಗಡು ಸಿಗಲಿಲ್ಲ, ಶಾಂತಪ್ಪ ಮಾತ್ರ ಮೈತುಂಬ ವಿಭೂತಿ ಬಳಿದ ಸ್ವಾಮಿಯಂತಾದ.

ಹೆಂಡತಿ ಸಾವಿತ್ರಿಬಾಯಿ ಅಡುಗೆಮನೆಯಿಂದಲೇ ಗದರಿದಳು. “ಮೊದ್ಲ ದೇವ್ರಿಗೆ ಕೈ ಮುಗೀರಿ. ದೇವ್ರ ಜಗಲಿ ಮ್ಯಾಲಿನ ಯಂತ್ರ ಭಾಳ ಸತ್ಯುಳ್ಳದ್ದು. ಅದಕ್ಕ ನಡಕೊಂಡಾಗಿಂದ ನನ್ನ ಮೊಣಕಾಲು ನೋವು ಕಡಿಮಿ ಆಗೇತಿ.”

ಶಾಂತಪ್ಪ ಯಂತ್ರ ಮುಚ್ಚಿದ ದಾಸವಾಳದ ರಾಶಿಯ ಮುಂದೆ ಕಣ್ಣು ಮುಚ್ಚಿ ನಿಂತ. ಯಂತ್ರವೇ ನುಡಿದಂತೆ ತಲೆಗೆ ಹೊಳೆಯಿತು. ನಳಿಕೆಯ ಅಡಿಗೂ ಅದೇ ನಂಬರು ಕೆತ್ತಿದ್ದಾರಲ್ಲ, ಮರದೊಳಗೆ ಹುದುಗಿದ ಕಡೆ!

ಠಾಣೆಗೆ ಓಡಿದ. ಜೊತೆಗೆ ಕೆಳಮನೆಯ ಬಡಗಿ ಚಂದ್ರಾಮ, ಉಳಿ ಸುತ್ತಿಗೆ ಹಿಡಿದು. ಠಾಣೆಯ ಅಂಗಳದಲ್ಲೇ ಕೂತು ಚಂದ್ರಾಮ ಬಂದೂಕನ್ನು ಬಡಿದು ನೋಡಿದ.

“ಯಣ್ಣಾ, ಅಂಟು ಭಾಳ ಗಟ್ಟಿ ಹಾಕೀರಿ. ಮರ ಬೇಕೋ, ನಂಬರ್ ಬೇಕೋ?”

ಶಾಂತಪ್ಪ ಜಮಾದಾರನ ಮುಖ ನೋಡಿದ. ಜಮಾದಾರ ಗಡಿಯಾರ ನೋಡಿದ.

“ನಂಬರ್,” ಎಂದು ಶಾಂತಪ್ಪ ಆಚೆ ತಿರುಗಿ ನಿಂತ.

ಫಟ್!

ಮೂರು ವರ್ಷದಲ್ಲಿ ಆ ಬಂದೂಕು ಮಾಡಿದ ಮೊದಲ ಸದ್ದು ಅದು.

ನಳಿಕೆಯ ನಂಬರು ಲೈಸೆನ್ಸಿನದಕ್ಕೆ ಕೂಡಿತು. ಜಮಾದಾರ ನಳಿಕೆಯನ್ನೂ ಸೀಳಿದ ಮರವನ್ನೂ ಹಗ್ಗದಿಂದ ಕಟ್ಟಿಸಿ ಒಳಗಿಟ್ಟ. ರಸೀದಿಯಲ್ಲಿ ನಂಬರು ಬರೆದು, ಮುಂದೆ ‘ಮುರಿದದ್ದು’ ಎಂದೂ ಬರೆದ.

ಸಂಜೆ ಸಾವಿತ್ರಿಬಾಯಿ ದೀಪ ಹಚ್ಚಿ, “ನೋಡ್ರಿ ಮತ್ತ, ನಂಬರ್ ಸಿಕ್ತಿಲ್ಲೋ? ಈಗರೆ ಅಡ್ಡ ಬೀಳ್ರಿ,” ಎಂದು ಬಾಡಿದ ದಾಸವಾಳ ತೆಗೆದಳು. ಶಾಂತಪ್ಪ ಬಾಗಿದ. ಈ ಸಲ ಕಣ್ಣು ತೆರೆದಿತ್ತು. ಕುಂಕುಮದ ಕೆಳಗೆ ಹಿತ್ತಾಳೆ, ಹಿತ್ತಾಳೆಯ ಮೇಲೆ ಅಂಕಿ. ಜೇಬಿನಿಂದ ರಸೀದಿ ತೆಗೆದು ಒಂದೊಂದೇ ಅಂಕಿ ಹೊಂದಿಸಿ ನೋಡಿದ; ಎಲ್ಲವೂ ಕೂಡಿದವು.

“ಈ ಯಂತ್ರ ಎಲ್ಲಿಂದ ಬಂತು?”

“ಕಿಟಕ್ಯಾಗ, ನಿಮ್ಮ ಎಣ್ಣಿ ಸೀಸೆ ಬಾಜೂಕ ಇತ್ತಲ್ರಿ. ನನ್ನ ಮೊಣಕಾಲಿಗಂತ ಊರ ಸ್ವಾಮಿಗೋಳ ಕಡಿಂದ ನೀವ ಬರಸ್ಕೊಂಡು ಬಂದೀರಿ ಅಂತ ತಿಳ್ಕೊಂಡೆ. ಅಲ್ಲೇನ್ರಿ?”

ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಆರು ವರ್ಷದಿಂದ ಹಾಗೆ ಕೂತವಳಲ್ಲ.

“ಹೌದು,” ಎಂದ ಶಾಂತಪ್ಪ. ಅಂಕಿಗಳ ಮೇಲೆ ಮತ್ತಷ್ಟು ಕುಂಕುಮ ಮೆತ್ತಿ ಕಣ್ಣು ಮುಚ್ಚಿದ. ತೊಗರಿ ಹೊಲ ಬಂತು, ಬಿಳಿ ಹೊಗೆ ಬಂತು, ಗಿಳಿಗಳೂ ಹಾರಿದವು. ಸದ್ದು ಮಾತ್ರ ಮರ ಸೀಳಿದ ಸದ್ದು.