ಸೋಮವಾರದ ಉಪವಾಸ ಮುರಿದ ಏಂಜೆಲ್ ಮೀನಿನವರಿಗೆ

ಇಳಕಲ್ಲಿನ ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ರೆಕ್ಕೆ ಹರಡಿ ದಯಮಾಡಿಸಿರುವ ಏಂಜೆಲ್ ಮೀನಿನವರ ಸನ್ನಿಧಿಗೆ, ಅದೇ ಮನೆಯ ಸಂಗಯ್ಯನ ಅನಂತ ಶರಣಾರ್ಥಿಗಳು.

ಮಾನ್ಯರೇ,

ಬೆಕ್ಕು ಬಂದಿದೆ. ಕಿಟಕಿಯಿಂದ ಇಳಿದು, ತೊಟ್ಟಿಯ ಮೇಲೆ ಕೂತು, ನೀರಿಗೆ ಪಂಜ ಇಳಿಬಿಟ್ಟಿದೆ. ತಾವು ಕೂಡಲೇ ಕಲ್ಲಿನ ಸಂದಿಗೆ ತೆರಳಬೇಕಾಗಿ ವಿನಂತಿ.

ಬೆಕ್ಕು ಬಂದಿಲ್ಲ. ಸುಳ್ಳು ಹೇಳಿದೆ. ಈ ಚಟದಿಂದಾಗಿಯೇ ನಮ್ಮ ಮನೆಯಲ್ಲಿ ನನ್ನ ಮಾತನ್ನು ಯಾರೂ ನಂಬುವುದಿಲ್ಲ, ತಾವು ಮಾಡಿದ ಘನಕಾರ್ಯ ನನ್ನ ತಲೆಗೆ ಬಂದಿರುವುದೂ ಅದರಿಂದಲೇ.

ನನ್ನ ಹೆಂಡತಿ ನೀಲಾಬಾಯಿ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ, 'ಬಣ್ಣ ಬಣ್ಣದ್ದು ಏನರೆ ನೋಡಬೇಕ್ರಿ' ಎಂದಳು. ಟಿವಿ ಇದೆಯಲ್ಲ ಎಂದೆ. 'ಅದು ಮಾತಾಡತೈತಿ. ಮನ್ಯಾಗ ಮಾತಾಡೂದು ಒಂದ ಸಾಕು' ಎಂದಳು. ಹೀಗಾಗಿ ಬಾಗಲಕೋಟೆಗೆ ಹೋಗಿ ಮುರ್ತುಜಸಾಬರ ಮೀನಿನ ಅಂಗಡಿ ಹೊಕ್ಕೆವು. ಅವಳು ಕಡ್ಡಿಯಷ್ಟು ಸಣ್ಣ, ನೀಲಿ ಗೆರೆ ಕೆಂಪು ಬಾಲದ ಆರು ನಿಯಾನ್ ಟೆಟ್ರಾಗಳನ್ನು ಆರಿಸಿ, 'ಸೀರಿ ದಡಿ ಈಸಿದಂಗ ಕಾಣತಾವ' ಎಂದಳು. ನಾನು ತಮ್ಮ ಕಡೆ ಬೆರಳು ಮಾಡಿದೆ. 'ಅದು ಬ್ಯಾಡ್ರಿ ಅಯ್ನಾರ, ಭಾಳ ದೊಡ್ಡದಾಗತೈತಿ. ಅದರ ಬಾಯಾಗ ಹಿಡಿಯೂದೆಲ್ಲಾ ಅದಕ್ಕ ಊಟನ. ಹೊಸಬರು ನೀವು, ತಳದಾಗ ಅಡ್ಡಾಡೂ ಸಣ್ಣ ಮೀನ ಒಂದೆರಡ ಜೋಡಿ ಒಯ್ರಿ' ಎಂದರು ಮುರ್ತುಜಸಾಬರು.

ಆದರೆ ತಮ್ಮ ಮೈಮೇಲೆ ಮೂರು ಗೆರೆಗಳಿದ್ದವು. ವಿಭೂತಿ ಧರಿಸಿದ ಮೀನನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಇದು ಶರಣರ ಪೈಕಿ, ಸೊಪ್ಪು ಬಿಟ್ಟು ಇನ್ನೇನೂ ಮುಟ್ಟದು ಎಂದು ತೀರ್ಮಾನಿಸಿದೆ. 'ನಮ್ಮವು ಅಡ್ಡ ಇರತಾವ, ಇದರವು ಉದ್ದ ಅದಾವಲ್ರಿ' ಎಂದು ನೀಲಾಬಾಯಿ ತಕರಾರು ತೆಗೆದಳು. ಮಲಗಿದಾಗ ಅಡ್ಡ ಆಗುತ್ತವೆ ಎಂದು ವಾದಿಸಿ ಗೆದ್ದೆ. ಅಂದು ಮೀನ ಮೇಷ ಎಣಿಸದೆ ಆರಿಸಿದ್ದಕ್ಕೆ ಈಗ ದಿನಾ ಬೆಳಿಗ್ಗೆ ಮೀನ ಎಣಿಸುವುದಾಗಿದೆ.

ಶ್ರಾವಣ ಬಂತು. ಸೋಮವಾರ ನಮ್ಮಲ್ಲಿ ಹಗಲೆಲ್ಲ ಉಪವಾಸ, ಪೂಜೆಯಾದ ಮೇಲೆ ಒಂದೇ ಊಟ. 'ಮನ್ಯಾಗಿದ್ದವರಿಗೆಲ್ಲಾ ಒಂದ ಕಾಯ್ದೆ' ಎಂದು ನೀಲಾಬಾಯಿ ಮೀನಿನ ಕಾಳಿನ ಡಬ್ಬಿಯನ್ನೂ ಮುಚ್ಚಿಟ್ಟಳು. ತಾವು ಅಲುಗಾಡದೆ ಧ್ಯಾನಕ್ಕೆ ನಿಂತಿದ್ದನ್ನು ತೋರಿಸಿ ನನಗೆ, 'ನೋಡಿ ಕಲೀರಿ. ಒಮ್ಮೆರೆ ಅಡಗಿಮನಿ ಕಡೆ ಹೊಳ್ಳಿ ನೋಡೇತೇನು' ಎಂದಳು. ಸಂಜೆ ಒಂದು ಟೆಟ್ರಾ ಇರಲಿಲ್ಲ. ಮುಂದಿನ ಸೋಮವಾರ ಇನ್ನೆರಡು, ಅದರ ಮುಂದಿನ ಸೋಮವಾರ ಮತ್ತೆರಡು ಇರಲಿಲ್ಲ. ಉಪವಾಸ ಮಾಡಿ ಮೈ ತುಂಬಿಕೊಂಡ ಭಕ್ತರನ್ನು ಕಂಡಿದ್ದು ಇದೇ ಮೊದಲು. ಏಂಜೆಲ್ ಎಂದು ಕರೆತಂದವರು ಎಂಜಲನ್ನೂ ಉಳಿಸಲಿಲ್ಲ.

ತಾವೇ ತಿಂದಿದ್ದೀರಿ ಎಂದು ಹೇಳಿದೆ. ಆದರೆ ಹೇಳಿದವನು ಮದುವೆಯಾದಂದಿನಿಂದ ಸಕ್ಕರೆ ಡಬ್ಬಿಗೆ ಉಪ್ಪು ತುಂಬುತ್ತ ಬಂದ ಮನುಷ್ಯ. 'ಪಾಪ, ಮೂಕ ಜೀವದ ಮ್ಯಾಲ ಹಾಕ್ತೀರಲ್ಲ. ಉಪವಾಸ ಇದ್ದ ದಿನ ನಿಮಗ ಕಿತಾಪತಿ ಹೆಚ್ಚು. ಎಲ್ಲೆ ಬಚ್ಚಿಟ್ಟೀರಿ, ಸುಮ್ನ ತಂದ ಬಿಡ್ರಿ' ಎಂದಳು ನೀಲಾಬಾಯಿ. ಕಡೆಯ ಸೋಮವಾರದೊಳಗೆ ಮೀನು ಬರದಿದ್ದರೆ ತೊಟ್ಟಿ ಹುನಗುಂದದ ಅವಳ ತಂಗಿ ಶೈಲಾಳ ಮನೆಗೆ ಹೋಗುವುದೆಂದು ಅಪ್ಪಣೆಯಾಗಿದೆ. ಈಗ ಅವಳು ಬೆಳಗಿನ ಚಹಾ ಹಿಡಿದು ತೊಟ್ಟಿಗೆ ಬೆನ್ನು ಮಾಡಿ, ಬರೀ ಗೋಡೆ ನೋಡುತ್ತ ಕೂಡುತ್ತಾಳೆ. ಗೋಡೆಗೆ ಸುಣ್ಣ ಬಳಿದಿದೆ; ಬಣ್ಣವಿಲ್ಲ.

ಆದ್ದರಿಂದ ಮಾನ್ಯರು ಕೃಪೆಮಾಡಿ, ಅವಳು ಚಹಾ ಕುಡಿಯುವ ಹೊತ್ತಿಗೆ ಗಾಜಿನ ಹತ್ತಿರ ಬಂದು, ಅವಳು ಹೊಳ್ಳಿ ನೋಡುವಂತೆ ಒಮ್ಮೆ ಜೋರಾಗಿ ತೇಗಬೇಕು. ಅದು ಘನತೆಗೆ ತಕ್ಕುದಲ್ಲವಾದರೆ, ನುಂಗಿದವರನ್ನು ನುಂಗಿದ ಸರದಿಯಲ್ಲೇ ಹೊರಗೆ ಬಿಡಬೇಕು. ಅದೂ ಆಗದಿದ್ದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ರೂಢಿ ಮಾಡಿಕೊಂಡು ಆ ಗೆರೆಗಳ ಮಾನ ಉಳಿಸಬೇಕು, ಇಲ್ಲವೇ ಗೆರೆ ಒರೆಸಿಕೊಳ್ಳಬೇಕು.

ತಮ್ಮ ಬಾಯಿಯಲ್ಲಿ ಹಿಡಿಯದ ಒಂದೇ ಕಾರಣಕ್ಕೆ ಇನ್ನೂ ಬದುಕಿರುವ,
ತಮ್ಮ ವಿಶ್ವಾಸಿ,
ಸಂಗಯ್ಯ

ತಾ.ಕ.: ನಿನ್ನೆಯಿಂದ ತಾವು ಗಿಡದ ಸಂದಿಯಲ್ಲೆಲ್ಲ ಹುಡುಕುತ್ತಿರುವ ಕೊನೆಯ ಟೆಟ್ರಾ ಅಲ್ಲಿಲ್ಲ, ಸುಮ್ಮನೆ ದಣಿಯಬೇಡಿ. ಅದು ಒಳಕೋಣೆಯ ಗೋಡೆಯ ಮಾಡದಲ್ಲಿ, ನನ್ನ ಹಳೆಯ ರುಮಾಲಿನ ಹಿಂದೆ, ಗಾಜಿನ ಭರಣಿಯಲ್ಲಿ ಈಜುತ್ತಿದೆ. ನಾಳೆ ಕಡೆಯ ಸೋಮವಾರ. ಭರಣಿಯನ್ನು ನೀಲಾಬಾಯಿಯ ಚಹಾದ ಪಕ್ಕ ಇಡುತ್ತೇನೆ. 'ನಾ ಹೇಳಿದ್ನಿಲ್ಲೋ, ಉಳದವ್ನೂ ತರ್ರಿ' ಎನ್ನುತ್ತಾಳೆ, ಎನ್ನಲಿ, ಗೋಡೆಯನ್ನಂತೂ ನೋಡುವುದಿಲ್ಲ. ತಮ್ಮನ್ನು ಮಾತ್ರ ಮುಂಜಾನೆಯ ಬಸ್ಸಿಗೆ ಮುರ್ತುಜಸಾಬರಲ್ಲಿಗೆ ಬಿಡಲಾಗುವುದು. ಐದು ಮೀನಿನ ಪಾಪ ತಮ್ಮದು. ಆರನೆಯದನ್ನು ಬಚ್ಚಿಟ್ಟವನು, ಅವಳು ಅಂದ ಹಾಗೆ, ಖರೆಯಾಗಿಯೂ ನಾನೇ.